ಐದನೇ ತಿರುವಿನ ಅಂಚು

ಮೂರು ವರ್ಷಗಳ ಹಿಂದೆ, ನಿವೃತ್ತಿಗೆ ಎಂಟು ತಿಂಗಳಿದ್ದಾಗ, ನಾನು ಗಂಗಾವತಿಯ ಸರಕಾರಿ ಕಚೇರಿಯೊಂದರಲ್ಲಿ ಜೀಪ್ ಚಾಲಕನಾಗಿದ್ದೆ. ಇಪ್ಪತ್ತೇಳು ವರ್ಷದ ಸರ್ವಿಸ್, ಒಂದೂ ಅಪಘಾತವಿಲ್ಲ. ಆದರೂ ನಮ್ಮ ಅಧಿಕಾರಿ ಮೇಡಂ ಹತ್ತುತ್ತಿದ್ದುದು ಬೇವೂರಿನ ಶರಣವ್ವ ಓಡಿಸುವ ಜೀಪನ್ನೇ. "ಶರಣವ್ವ ಓಡಿಸಿದರೆ ಹೊಟ್ಟೆಯೊಳಗಿನ ನೀರೂ ಅಲುಗೋದಿಲ್ಲ" ಎಂದು ಎಲ್ಲರೆದುರು ಹೊಗಳುತ್ತಿದ್ದರು. ನೀರಿನ ಟ್ಯಾಂಕರ್ ಓಡಿಸಿಕೊಂಡಿದ್ದವಳು, ಬಂದು ಎರಡು ವರ್ಷವಾಗಿತ್ತಷ್ಟೆ! ನನಗೆ ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಡುವುದೇಕೆ?

ಊರ ಹೊರಗಿನ ಗುಡ್ಡದ ನೆತ್ತಿಯಲ್ಲಿ ಪ್ರವಾಸಿಗರಿಗಾಗಿ ವೀಕ್ಷಣಾ ಕಟ್ಟೆ ಕಟ್ಟಿದ್ದರು. ಅಲ್ಲಿಂದ ಶ್ರೀರಾಮನಗರದ ಕಡೆಯ ಗದ್ದೆಗಳೆಲ್ಲ ಕಾಣುತ್ತವೆ. ದಾರಿ ಎರಡೂವರೆ ಕಿಲೋಮೀಟರ್, ಏಳು ತಿರುವು, ಡಾಂಬರಿಲ್ಲದೆ ಪೂರಾ ಗರಸುಕಲ್ಲು ಹಾಸಿದ್ದು. ಅದನ್ನು ನೋಡಲು ಮೇಲಿನ ಕಚೇರಿಯ ಅತಿಥಿಗಳು ಬರುವ ದಿನ ಬೆಳಿಗ್ಗೆ ಮೇಲೆ ಕುರ್ಚಿ ಇಳಿಸಿ ಬರುವ ಕೆಲಸ ನನ್ನ ಪಾಲಿಗೆ ಬಂತು. ಮೇಡಂ ಮತ್ತು ಅತಿಥಿಗಳು ಶರಣವ್ವನ ಪಾಲಿಗೆ. ಐದನೇ ತಿರುವಿನಲ್ಲಿ ನನ್ನ ಹೊರಗಾಲಿ ಅರ್ಧ ಅಡಿ ಕುಸಿಯಿತು. ಗರಸಿನ ಕೆಳಗಿನ ಮಣ್ಣು ಮಳೆಗೆ ಕೊಚ್ಚಿಹೋಗಿತ್ತು. ನಾಲ್ಕೂ ಗಾಲಿ ಎಳೆಯುವಂತೆ ಫೋರ್-ವೀಲ್ ಗೇರ್ ಹಾಕಿ ಹೇಗೋ ಪಾರಾದೆ.

ಗುಡ್ಡದ ದಾರಿಯಲ್ಲಿ ಚಾಲಕರದೊಂದು ಕಟ್ಟಳೆಯಿದೆ: ಇಳಿದು ಬಂದವನು ಏರುವವನಿಗೆ ದಾರಿಯ ಸ್ಥಿತಿ ಹೇಳಲೇಬೇಕು. ನಾನು ಕೆಳಗೆ ಬಂದಾಗ ಮೇಡಂ ಮತ್ತು ಇಬ್ಬರು ಅತಿಥಿಗಳು ಚಹಾದಂಗಡಿಯಲ್ಲಿದ್ದರು. ಟೈರ್ ನೋಡುತ್ತಿದ್ದ ಶರಣವ್ವ ಕೇಳಿದಳು:

"ದಾರಿ ಹೆಂಗೈತ್ರಿ ಅಣ್ಣಾರ?"

"ಛಲೋ ಐತಿ. ಹೋಗವ್ವ."

ಅವಳ ಗಾಲಿ ಸಿಕ್ಕಿಕೊಳ್ಳಲಿ, ಮೇಡಂ ಹೊಟ್ಟೆಯ ನೀರು ಒಮ್ಮೆ ಅಲುಗಲಿ ಎಂದಷ್ಟೇ ನನ್ನ ಆಸೆ. ಆದರೆ ಅವಳ ಜೀಪು ಎರಡನೇ ತಿರುವು ದಾಟಿದ್ದನ್ನು ಕಂಡಾಗ ಐದನೇ ತಿರುವಿನ ಅಂಚು ನೆನಪಾಯಿತು. ಆ ಅಂಚಿನಾಚೆ ನಲವತ್ತು ಅಡಿ ಆಳ. ಒಳಗೆ ನಾಲ್ಕು ಜೀವ! ಗಾಡಿ ತಿರುಗಿಸಿ, ಹಾರ್ನ್ ಒತ್ತುತ್ತ ಹಿಂದೆಯೇ ಏರಿದೆ.

ಐದನೇ ತಿರುವಿಗೆ ಮೊದಲೇ ಅವಳ ಜೀಪು ನಿಂತಿತ್ತು. ಎಲ್ಲರೂ ಕೆಳಗಿಳಿದಿದ್ದರು. ಶರಣವ್ವ ಅಂಚಿನುದ್ದಕ್ಕೂ ಕಲ್ಲಿಡುತ್ತಿದ್ದಳು. ಪಕ್ಕದಲ್ಲೇ, ದೂರದಿಂದಲೇ ಕಾಣುವಂತೆ, ನನ್ನ ಗಾಲಿ ಕುಸಿದ ಗುರುತು. ಅವಳು ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಇಲ್ಲಿ ಅಪಾಯ ಇದೆ ಅಂತ ಹೇಗೆ ಗೊತ್ತಾಯಿತು?" ಎಂದು ಮೇಡಂ ಅವಳನ್ನು ಕೇಳಿದರು.

"ಅಣ್ಣಾರು ಕೆಳಗ ಹೇಳಿದ್ರರಿ. ಅದಕ್ಕ ನಿಲ್ಲಿಸೇನಿ."

ಮೇಡಂ ನನ್ನತ್ತ ತಿರುಗಿ, "ನಿಮ್ಮಂಥ ಹಳಬರು ಇರೋದೇ ನಮ್ಮ ಪುಣ್ಯ" ಎಂದರು. ಎರಡು ವರ್ಷದಿಂದ ಕಾದಿದ್ದ ಮಾತು! ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೂ ಸತ್ಯ ಹೇಳಲಿಲ್ಲ. ಬಗ್ಗಿ ಕಲ್ಲು ಎತ್ತಿಕೊಡತೊಡಗಿದೆ.

ದಾರಿ ಕೇಳಿದವರ ಮುಖ ನೋಡಿ ಉತ್ತರ ಹೇಳಬಾರದು. ಇಪ್ಪತ್ತೇಳು ವರ್ಷದಲ್ಲಿ ಕಲಿಯದ ಈ ಪಾಠವನ್ನು ಆ ತಿರುವು ಕಲಿಸಿತು. ಹೊಟ್ಟೆಕಿಚ್ಚು ಮಾತ್ರ ಪೂರಾ ಆರಲಿಲ್ಲ. ಬೀಳ್ಕೊಡುಗೆಯ ದಿನ ಮೇಡಂ ಇದೇ ಘಟನೆಯನ್ನು ಹೇಳಿ ನನ್ನನ್ನು ಹೊಗಳಿದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಶರಣವ್ವ.