ಮೂಗುರಾಯರ ಮೂಗು

ಚಹಾ ಕಂಪನಿಯಲ್ಲಿ ರುಚಿ ನೋಡುವ ಹಿರಿಯರನ್ನು ಎಲ್ಲರೂ ಬೆನ್ನ ಹಿಂದೆ ಮೂಗುರಾಯರು ಎನ್ನುತ್ತಿದ್ದರು. ಅದು ಗೊತ್ತಿದ್ದ ರಾಯರಿಗೆ ಒಳಗೊಳಗೇ ಖುಷಿಯೂ ಇತ್ತು. ಮೇಜಿನ ಮೇಲೆ ಕೊಬ್ಬರಿ ಪರಿಮಳದ ಚಹಾ, ವೆನಿಲಾ ಪರಿಮಳದ ಚಹಾ ಸಾಲಾಗಿ ಕೂತರೆ, ಚಮಚದಿಂದ ಸೊರ್ರನೆ ಹೀರಿ, ಕಣ್ಣು ಮುಚ್ಚಿ, ಬಾಯಲ್ಲೆಲ್ಲ ಸುತ್ತಾಡಿಸಿ ಉಗುಳಿ, "ವೆನಿಲಾದ್ದು ಬಾಯಿ ಜಾಸ್ತಿ, ಸ್ವಲ್ಪ ತಗ್ಗಿಸಿ. ಈ ಕೊಬ್ಬರಿಗೆ ಸಂಕೋಚ, ಬಾಗಿಲಲ್ಲೇ ನಿಂತಿದೆ" ಎಂದು ಬೀಗರ ಗುಣ ಹೇಳುವವರಂತೆ ತೀರ್ಪು ಕೊಡುತ್ತಿದ್ದರು. ಸೆಂಟು ಹಾಕಿಕೊಂಡವರು, ಈರುಳ್ಳಿ ತಿಂದವರು ಆ ಕೋಣೆಗೆ ಕಾಲಿಡುವಂತಿರಲಿಲ್ಲ. ಸೋಪಿನ ವಾಸನೆಯೆಂದು ಮಾಲೀಕರನ್ನೇ ಒಮ್ಮೆ ಹೊರಗೆ ನಿಲ್ಲಿಸಿದ್ದರು. ಆದರೆ ಹೋದ ವರ್ಷದ ಜ್ವರದಲ್ಲಿ ಅವರಿಗೆ ವಾಸನೆ ತಿಳಿಯುವುದೇ ನಿಂತುಹೋಗಿದೆ ಎಂಬುದು ಹೆಂಡತಿಗೂ ಗೊತ್ತಿರಲಿಲ್ಲ. ಕೊಬ್ಬರಿ ಚೂರು ಬೆರೆಸಿದ ಚಹಾದ ಮೇಲೆ ಎಣ್ಣೆಯ ಚುಕ್ಕೆ ತೇಲುತ್ತದೆ. ಚುಕ್ಕೆ ಕಂಡರೆ ಕೊಬ್ಬರಿ, ಕಾಣದಿದ್ದರೆ ವೆನಿಲಾ. ಚಹಾ ಉಗುಳಿದಷ್ಟು ಸುಲಭವಾಗಿ ಈ ಮೋಸದ ನಾಚಿಕೆಯನ್ನು ಉಗುಳಲು ಬರುತ್ತಿರಲಿಲ್ಲ. ಹೆಸರು ಉಳಿಯಬೇಕಲ್ಲ, ಅದಕ್ಕೇ ಗದರುವುದು ಮಾತ್ರ ಮೊದಲಿಗಿಂತ ಹೆಚ್ಚಾಗಿತ್ತು. ಮೊನ್ನೆ ಬಟ್ಟಲು ತೊಳೆಯುವಾಕೆ ಒಳಗೆ ಬಂದಾಗ, ಮಾಲೀಕರ ಎದುರೇ, "ಮತ್ತೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಕೊಂಡು ಬಂದ್ಯೇನಮ್ಮಾ? ಇಡೀ ಕೋಣೆ ಕೆಡ್ತು" ಎಂದು ರೇಗಿದರು. "ತಪ್ಪಾಯ್ತು ಸಾರ್" ಎಂದು ಆಕೆ ತಲೆ ತಗ್ಗಿಸಿದಳು. ಆಗಲೇ ರಾಯರಿಗೆ ಕಂಡದ್ದು: ಅವರ ಮೂಗಿಗೆ ಹೆದರಿ ಎಣ್ಣೆ ಬಿಟ್ಟು ಎಷ್ಟೋ ತಿಂಗಳಾಗಿದ್ದ ಆ ಕೂದಲು ತೆಂಗಿನ ನಾರಿನಂತೆ ಒಣಗಿ ಕೆದರಿತ್ತು.