ಗೌಡರ ಕಟ್ಟೆಯ ಎಲೆ ಅಡಿಕೆ

ಹೋದ ಭಾನುವಾರ ನಾನು ಎಲೆ ಅಡಿಕೆ ಹಾಕಿಕೊಂಡೆ. ಇದೂ ಅಂಕಣಕ್ಕೆ ವಿಷಯವೇ ಅನ್ನಬೇಡಿ. ಅದರಿಂದ ಮುನಿಯಮ್ಮನ ಹೊಟ್ಟೆಪಾಡು ಹೋಗಿದೆ.

ಮುನಿಯಮ್ಮ ನಿಮಗೆ ಗೊತ್ತಿಲ್ಲ. ಕೊಡಿಗೇಹಳ್ಳಿಯ ಸಂತೆ ಬಯಲಿನಲ್ಲಿ, ಹೊಂಗೆ ಮರದ ಕೆಳಗೆ ಸೊಪ್ಪು ಮಾರುವಾಕೆ. ಅವಳ ಅತ್ತೆಯೂ ಅಲ್ಲೇ ಕೂರುತ್ತಿದ್ದಳಂತೆ. ಬಯಲು ಗೌಡರದು, ಸಂತೆ ಊರಿನದು. ಕಾಗದಪತ್ರ ಏನೂ ಇಲ್ಲ, ಕೂತು ಕೂತೇ ಬಂದ ಹಕ್ಕು.

ಈಗ ಆ ಬಯಲಿಗೆ ಭಾರೀ ಡಿಪಾರ್ಟ್‌ಮೆಂಟಲ್ ಸ್ಟೋರ್ ಬರುತ್ತದಂತೆ. ಅಕ್ಕಿ, ಸೋಪು, ಸೀರೆ, ಸೊಪ್ಪು, ಎಲ್ಲ ಒಂದೇ ಕಡೆ. ನಾವೇ ಬುಟ್ಟಿ ಹಿಡಿದು ತುಂಬಿಕೊಳ್ಳಬೇಕಂತೆ (ಚೌಕಾಸಿ ಇಲ್ಲ, ಕೊಸರೂ ಇಲ್ಲ). ಊರು ಒಪ್ಪದೆ ಜಾಗ ಕೊಡುವುದಿಲ್ಲ ಎಂದು ಗೌಡರು ಅಶ್ವತ್ಥಕಟ್ಟೆಯಲ್ಲಿ ಪಂಚಾಯಿತಿ ಕರೆದರು. ಲೇಔಟಿನವರೂ ಬರಬೇಕೆಂದರು. ಹೋದೆವು.

ಲೇಔಟಿನವರೆಂದರೆ ಗದಗ, ಬಿಜಾಪುರದ ಕಡೆಯಿಂದ ಬಂದು ಫ್ಯಾಕ್ಟರಿ, ಕಾಲೇಜು ಎಂದು ದುಡಿಯುವ ನಾವು. ನಮ್ಮಲ್ಲೇ ಎರಡು ಪಾರ್ಟಿ. ಸಾಮಾನಿಗೆಂದು ಮಲ್ಲೇಶ್ವರಕ್ಕೆ ಹೋಗಲು ಬಸ್ಸು ಕಾಯುವುದು ತಪ್ಪುತ್ತದೆ ಎಂದು ಕೆಲವರು. ಸಂತೆಯ ಹೆಂಗಸರು ಎಲ್ಲಿಗೆ ಹೋಗಬೇಕು ಎಂದು ಹಲವರು. ನಮ್ಮ ಅಸೋಸಿಯೇಷನ್ ಅಧ್ಯಕ್ಷ ಪಾಟೀಲರು ಕಾಲೇಜು ಮೇಷ್ಟ್ರು. ಎದ್ದು ನಿಂತರೆ ಪೀರಿಯಡ್ ಮುಗಿಯದೆ ಕೂರುವವರಲ್ಲ. ಅಂದು ಮುನಿಯಮ್ಮನ ಪರವಾಗಿ ಅವರು ಮಾತಾಡಿದ್ದಕ್ಕೆ ಸ್ಟೋರಿನ ಕಡೆಯವನು ತಲೆ ಎತ್ತಲಿಲ್ಲ. ಗೆದ್ದೆವು ಅಂದುಕೊಂಡೆವು.

ಆಮೇಲೆ ಗೌಡರ ಮನೆಯಿಂದ ತಟ್ಟೆ ಬಂತು. ಎಲೆ, ಅಡಿಕೆ, ಬಾಳೆಹಣ್ಣು. ಗೌಡರು ಏನೂ ಹೇಳದೆ ಒಬ್ಬೊಬ್ಬರ ಮುಂದೆ ಹಿಡಿದರು. ಪಾಟೀಲರು ತೆಗೆದುಕೊಂಡರು. ನಾನೂ ತೆಗೆದುಕೊಂಡೆ. ಕೊನೆಗೆ ತಟ್ಟೆ ಮುನಿಯಮ್ಮನ ಮುಂದೆ ಬಂತು. ಅವಳು ಕೈ ಚಾಚಲಿಲ್ಲ, ನಮ್ಮ ಮುಖ ನೋಡಿದಳು. ನಾವು ಆಗಲೇ ಅಗಿಯುತ್ತಿದ್ದೆವು. ಸೆರಗೊಡ್ಡಿ ಇಸಿದುಕೊಂಡಳು.

ಗುರುವಾರ ಬಯಲಿಗೆ ಕಲ್ಲುಕಂಬ ಬಂತು, ಮುಳ್ಳುತಂತಿ ಬಂತು. ಪಾಟೀಲರು ಕೆಂಡಾಮಂಡಲವಾದರು. ಅವರ ಹಿಂದೆ ನಾನೂ ಗೌಡರ ಮನೆಗೆ ಹೋದೆ. ಗೌಡರಿಗೆ ನಮ್ಮ ಸಿಟ್ಟೇ ಅರ್ಥವಾಗಲಿಲ್ಲ.

"ಕಟ್ಟೆ ಮ್ಯಾಲೆ ಎಲೆ ಅಡ್ಕೆ ಇಸ್ಕಂಡ್ ಮ್ಯಾಕೆ ಒಪ್ದಂಗೇ ಅಲ್ವಾ ಸ್ವಾಮಿ? ನಮ್ಮಲ್ಲಿ ಬ್ಯಾಡ ಅನ್ನೋರು ತಟ್ಟೆ ಮುಟ್ಟಾಕಿಲ್ಲ. ನಮ್ಮಪ್ಪನ ಕಾಲ್ದಿಂದ್ಲೂ ಇಂಗೇಯ."

ಮೋಸ ಅನ್ನೋಣವೇ? ಅವರಿಗೆ ಗೊತ್ತಿರುವುದೇ ಆ ಪದ್ಧತಿ. ನಮಗೇನಾಗಿತ್ತು? ನಮ್ಮ ಕಡೆಯೂ ಮದುವೆ ಗಟ್ಟಿಯಾಗುವುದು ಎಲೆ ಅಡಿಕೆ ಬದಲಾಯಿಸಿದ ಮೇಲೇ ಅಲ್ಲವೇ? ಊಟವಾದ ಮೇಲೆ ಕೊಡುವ ತಾಂಬೂಲವೆಂದು ಬಾಯಿಗೆ ಹಾಕಿಕೊಂಡೆವಲ್ಲ (ಊಟವನ್ನೇ ಹಾಕಿರಲಿಲ್ಲ!). ಈ ಊರಿನಲ್ಲಿ ಸೈಟು ಕೊಂಡೆವು, ಬಾವಿಯ ನೀರು ಕುಡಿದೆವು, ಮುನಿಯಮ್ಮನ ಹತ್ತಿರ ದಿನಾ ಕೊಸರು ಕೇಳಿದೆವು. ಊರಿನ ರೀತಿ ರಿವಾಜು ಏನೆಂದು ಒಬ್ಬರನ್ನೂ ಕೇಳಲಿಲ್ಲ. ನನಗಂತೂ ನಾಚಿಕೆಯಾಗುತ್ತಿದೆ.

ಹಿಂದಿರುಗುವಾಗ ಬೇಲಿಯ ಪಕ್ಕ ಮುನಿಯಮ್ಮ ನಿಂತಿದ್ದಳು. ಬುಟ್ಟಿಯ ಸೊಪ್ಪು ಬಾಡಿತ್ತು. ನಿನಗೆ ಪದ್ಧತಿ ಗೊತ್ತಿತ್ತಲ್ಲ, ಯಾಕೆ ಇಸಿದುಕೊಂಡೆ ಎಂದು ಪಾಟೀಲರು ಕೇಳಿದರು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನನ್ ಪರ ಮಾತಾಡಿದ್ ನೀವೇ ಇಸ್ಕಂಡ್ರಲ್ಲ. ಬ್ಯಾರೆ ಕಡೆ ನಂಗೊಂದ್ ಜಾಗ ಗೊತ್ ಮಾಡಿರ್ತೀರ ಅನ್ಕಂಡೆ. ಎಲ್ಲೈತೆ ಸ್ವಾಮಿ, ಆ ಜಾಗ?"