ಕತ್ತರಿ ಬಿಡದವಳು

ಶಾಲೆಯಲ್ಲಿ ನನ್ನ ಜೊತೆ ಓದುತ್ತಿದ್ದಾಗಲೇ ಅವಳಿಗೆ ‘ಕತ್ತರಿ’ ಎಂಬ ಅಡ್ಡಹೆಸರು ಬಿದ್ದಿತ್ತು. ಮಾತು ಅಷ್ಟು ಹರಿತ. ಬೆಳೆದ ಮೇಲೆ ಹೊಲಿಗೆ ಅಂಗಡಿಯೊಂದರಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕೇ ಸೇರಿದಳು. ದಪ್ಪ ಕೋಟಿನ ಬಟ್ಟೆಯೂ ಅವಳ ಕೈಯಲ್ಲಿ ಕಾಗದದಂತೆ ಸೀಳಿಹೋಗುತ್ತಿತ್ತು.

ಇಪ್ಪತ್ತೈದರ ಆಸುಪಾಸಿನಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಕಾಣಿಸಿಕೊಂಡಿತು. ಹೊಲಿಗೆ ಯಂತ್ರದ ಸದ್ದಿನೊಳಗಿಂದ ಯಾರೋ ತನ್ನನ್ನು ಬೈಯುತ್ತಾರೆ ಎನ್ನತೊಡಗಿದಳು. ಡಾಕ್ಟರು ಕೊಟ್ಟ ಮಾತ್ರೆಯಿಂದ ಬೈಗುಳ ತಗ್ಗಿತು. ಕೈ ಮಾತ್ರ ನಡುಗತೊಡಗಿತು. ಅಂಗಡಿಯ ಯಜಮಾನರು ಅವಳನ್ನು ಕತ್ತರಿಸುವ ಮೇಜಿನಿಂದ ಎಬ್ಬಿಸಿ ಬಟ್ಟೆ ಮಡಚಲು ಕೂರಿಸಿದರು. ಆ ಅವಮಾನ ತಾಳಲಾರದೆ ಅವಳು ಯಾರಿಗೂ ಹೇಳದೆ ಮಾತ್ರೆ ಬಿಟ್ಟಳು. ಕೈ ನೆಟ್ಟಗಾಯಿತು, ಮೇಜೂ ಮರಳಿ ಸಿಕ್ಕಿತು. ಕೆಲವೇ ವಾರಗಳಲ್ಲಿ ಬೈಗುಳವೂ ಮರಳಿತು. ಬೈಯುವವರು ಗಿರಾಕಿಯ ಕೋಟಿನ ಬಟ್ಟೆಯೊಳಗೇ ಅಡಗಿದ್ದಾರೆಂದು ಅದನ್ನು ಚಿಂದಿ ಚಿಂದಿ ಮಾಡಿದಳು.

ತಂಗಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದಾಗ ನಾನೂ ಜೊತೆಗಿದ್ದೆ.

“ಮಾತ್ರೆ ಯಾಕಮ್ಮ ಬಿಟ್ರಿ?” ಎಂದರು ಡಾಕ್ಟರು.

“ನಿಮ್ಮ ಸ್ಟೆತಸ್ಕೋಪ್ ಕಿತ್ಕೊಂಡ್ರೆ ನೀವು ಸುಮ್ನಿರ್ತೀರಾ?”

“ಅಕ್ಕಾ, ಸ್ವಲ್ಪ ಬಾಯಿ ಮುಚ್ಕೊಳೇ,” ಎಂದು ತಂಗಿ ತಿವಿದಳು.

“ಮುಚ್ಕೊಂಡಿದ್ದಕ್ಕೇ ಇಷ್ಟಾಯ್ತು ಕಣೇ!”

ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಮಿದುಳಿನ ಭಾಗಗಳು ಒಂದಕ್ಕೊಂದು ಸುದ್ದಿ ಕಳಿಸ್ತಾ ಇರ್ತವೆ. ಈ ಕಾಯಿಲೇಲಿ ಆ ಸಂಪರ್ಕ ಏರುಪೇರಾಗುತ್ತೆ. ಡೋಪಮೀನ್ ಅನ್ನೋ ರಾಸಾಯನಿಕ ಒಂದು ಕಡೆ ಅತಿಯಾಗಿ, ಬರೀ ಸದ್ದಿಗೂ ಇಲ್ಲದ ಅರ್ಥ ಅಂಟ್ಕೊಳ್ಳುತ್ತೆ. ಅದು ಬಂದು ಕೂರೋ ಜಾಗಾನ ಮಾತ್ರೆ ಮೊದಲೇ ಹಿಡ್ಕೊಳ್ಳುತ್ತೆ. ಆದ್ರೆ ಕೈಕಾಲು ಆಡ್ಸೋಕೂ ಅದೇ ಡೋಪಮೀನ್ ಬೇಕು. ಅಲ್ಲೂ ಮಾತ್ರೆ ಅಡ್ಡ ಕೂತಿದ್ದಕ್ಕೇ ನಡುಕ.”

“ಇದನ್ನ ಮೊದಲೇ ಹೇಳೋಕೆ ಏನಾಗಿತ್ತು? ನಾನು ಮಾತ್ರೆ ಬೇಡ ಅಂತಿಲ್ಲ ಡಾಕ್ಟ್ರೇ. ಕತ್ತರಿ ಬಿಡಲ್ಲ ಅಂತಿದ್ದೀನಿ.”

“ಹೇಳ್ಬೇಕಿತ್ತು, ನಿಜ,” ಎಂದ ಡಾಕ್ಟರು ನಿಧಾನವಾಗಿ ಬೇರೆ ಮಾತ್ರೆಗೆ ಬದಲಾಯಿಸಿದರು. ಬೈಗುಳ ಪಿಸುಮಾತಿಗೆ ಇಳಿಯಿತು. ನಡುಕವೂ ಬಹುಮಟ್ಟಿಗೆ ಇಳಿಯಿತು, ಪೂರ್ತಿ ಹೋಗಲಿಲ್ಲ.

ಅವಳು ಅಂಗಡಿಗೆ ಹೋಗಿ ನೇರವಾಗಿ ಮೇಜಿನ ಮುಂದೆ ನಿಂತಳು. ಯಜಮಾನರು ಅಡ್ಡ ಬಂದರು.

“ಬೇಡಮ್ಮ, ಮಡಚೋ ಕೆಲಸಾನೇ ಮಾಡು. ಕೈ ಇನ್ನೂ ನಡುಗ್ತಿದೆ.”

“ನಡುಗ್ಲಿ ಬಿಡಿ. ಕೋಟು ಚಿಂದಿ ಮಾಡಿದ್ನಲ್ಲ, ಅವತ್ತು ಕೈ ನಡುಗ್ತಿತ್ತಾ ಯಜಮಾನ್ರೇ?”

ಅವರು ಪಕ್ಕಕ್ಕೆ ಸರಿದರು. ಅವಳು ಬಟ್ಟೆ ಹಾಸಿ, ಗೆರೆ ಎಳೆದು, ಎಲ್ಲರೆದುರಿಗೇ ಕತ್ತರಿಸಿದಳು. ಯಜಮಾನರು ತುಂಡನ್ನೆತ್ತಿ ಬೆಳಕಿಗೆ ಹಿಡಿದರು. “ನೋಡು, ಅಂಚು ಡೊಂಕು.”

“ಹೊಲಿಗೆಗೆ ಅಂತ ಗೆರೆಯಾಚೆ ಒಂದು ಬೆರಳಗಲ ಬಟ್ಟೆ ಬಿಟ್ಟಿದ್ದೀನಿ. ನಿಮ್ಮ ಡೊಂಕೆಲ್ಲ ಹೊಲಿಗೆಯ ಒಳಕ್ಕೇ ಹೋಗುತ್ತೆ,” ಎಂದು ಅವಳು ತುಂಡನ್ನು ಅವರ ಕೈಯಿಂದ ತೆಗೆದುಕೊಂಡು ಹೊಲಿಯುವವನ ಮುಂದಿಟ್ಟಳು. “ಹೂಂ, ಮುಂದಿನ ಬಟ್ಟೆ ಕೊಡಿ.”